ಪ್ರತಿಜೀವಕಗಳಿಗೆ ಮಣಿಯದ ಸೋಂಕುಗಳು

ಬ್ಯಾಕ್ಟೀರಿಯಗಳನ್ನು ಕೊಲ್ಲುವ ಇಲ್ಲವೆ ಅವು ಬೆಳೆಯದಂತೆ ತಡೆಯುವ ಔಷಧಗಳೇ ಪ್ರತಿಜೀವಕಗಳು. ಒಂದು ಕಾಲಕ್ಕೆ ಇಂಥ ಔಷಧಕ್ಕೆ ಸುಲಭವಾಗಿ ಬಗ್ಗುತ್ತಿದ್ದ ರೋಗಾಣು ಮುಂದೆ ಅದಕ್ಕೆ ಜಗ್ಗದೆ ಬದುಕಿ ಬೆಳೆಯುವುದಕ್ಕೆ ಪ್ರತಿಜೀವಕ ಪ್ರತಿರೋಧ ಎನ್ನುತ್ತಾರೆ. ಮದ್ದಿಗೆ ಒಗ್ಗಿಕೊಳ್ಳುವುದು ರೋಗಾಣುವೇ ಹೊರತು ರೋಗಿಯ ದೇಹವಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಒಂದು ಮಾತ್ರೆಯನ್ನೂ ನುಂಗದ ಶಿಶುವಿಗೂ ಇಂಥ ಸೋಂಕು ತಗಲಬಹುದು.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಪ್ರತಿರೋಧವೇ ನೇರ ಕಾರಣವಾಗಿ ಸತ್ತರೆಂದು 2022ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಪ್ರತಿರೋಧವಿರುವ ಸೋಂಕಿನ ಜೊತೆ ಒಂದಲ್ಲ ಒಂದು ರೀತಿಯಲ್ಲಿ ತಳಕು ಹಾಕಿಕೊಂಡ ಸಾವುಗಳು 49.5 ಲಕ್ಷ. ಈ ಸಾವುಗಳಲ್ಲಿ ಬಹಳಷ್ಟು ದೊಡ್ಡ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ಸಂಭವಿಸುತ್ತವೆ. ಆದರೆ ಅವುಗಳ ಬೇರು ಇರುವುದು ನೆಗಡಿ, ಜ್ವರ, ಭೇದಿ, ಉರಿಮೂತ್ರಕ್ಕೆ ಚಿಕಿತ್ಸೆ ನಡೆಯುವ ಊರ ಕ್ಲಿನಿಕ್ಕು, ಮೆಡಿಕಲ್ ಶಾಪು ಮತ್ತು ವಾರ್ಡುಗಳಲ್ಲಿ. ಪ್ರತಿರೋಧ ಬೆಳೆಯುವುದೂ ತಗ್ಗುವುದೂ ಅಲ್ಲಿ ದಿನವೂ ನಡೆಯುವ ಸಣ್ಣ ಸಣ್ಣ ತೀರ್ಮಾನಗಳಿಂದ.

ಪ್ರತಿರೋಧ ಹುಟ್ಟುವ ಬಗೆ

ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಷ್ಟು ವೇಗದಲ್ಲಿ ವಂಶವಾಹಿಗಳು ನಕಲಾಗುವಾಗ ಅಲ್ಲಲ್ಲಿ ವ್ಯತ್ಯಾಸಗಳು ನುಸುಳುತ್ತವೆ. ಬಹುತೇಕ ವ್ಯತ್ಯಾಸಗಳಿಂದ ರೋಗಾಣುವಿಗೆ ಲಾಭವಿಲ್ಲ. ಯಾವುದೋ ಒಂದರಿಂದ ಔಷಧವನ್ನು ತಾಳಿಕೊಳ್ಳುವ ಶಕ್ತಿ ಬಂದಿದ್ದರೆ, ಔಷಧ ಬಿದ್ದ ಕೂಡಲೇ ಉಳಿದವು ಸತ್ತು ಅದರ ಸಂತತಿ ಮಾತ್ರ ತುಂಬಿಕೊಳ್ಳುತ್ತದೆ. ಔಷಧ ಹೆಚ್ಚು ಬಳಕೆಯಾದಷ್ಟೂ ಈ ಆಯ್ಕೆ ಬಿರುಸಾಗುತ್ತದೆ.

ರೋಗಾಣು ಔಷಧವನ್ನು ಎದುರಿಸುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಔಷಧವನ್ನು ಒಡೆಯುವ ಕಿಣ್ವದ ತಯಾರಿ. ಪೆನಿಸಿಲಿನ್ ಗುಂಪಿನ ಔಷಧಗಳನ್ನು ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳು ಹೀಗೆ ನಾಶಮಾಡುತ್ತವೆ. ಎರಡನೆಯದು, ಔಷಧ ಹೋಗಿ ಹಿಡಿಯಬೇಕಾದ ಜಾಗವನ್ನೇ ಮಾರ್ಪಡಿಸಿಕೊಳ್ಳುವುದು. ಮೂರನೆಯದು, ಒಳಹೊಕ್ಕ ಔಷಧವನ್ನು ಕೋಶಪೊರೆಯಲ್ಲಿರುವ ಪಂಪುಗಳಿಂದ ಹೊರದಬ್ಬುವುದು. ನಾಲ್ಕನೆಯದು, ಔಷಧ ಒಳಬರುವ ರಂಧ್ರಗಳನ್ನು ಕಿರಿದಾಗಿಸುವುದು ಅಥವಾ ಮುಚ್ಚುವುದು. ಒಂದೇ ರೋಗಾಣು ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ಬಳಸುವುದೂ ಉಂಟು.

ಬ್ಯಾಕ್ಟೀರಿಯಗಳು ಈ ಶಕ್ತಿಯನ್ನು ಸಂತತಿಗೆ ದಾಟಿಸುವುದಲ್ಲದೆ ಅಕ್ಕಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ಹಂಚುತ್ತವೆ. ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಾಕಾರದ ಡಿಎನ್‌ಎ ತುಣುಕು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುತ್ತದೆ. ಒಂದು ಪ್ಲಾಸ್ಮಿಡ್ಡಿನಲ್ಲಿ ನಾಲ್ಕೈದು ಔಷಧಗಳಿಗೆ ಪ್ರತಿರೋಧ ಒಡ್ಡುವ ವಂಶವಾಹಿಗಳು ಕೂಡಿಕೊಂಡಿರಬಹುದು. ರಕ್ತಭೇದಿ ತರುವ ಶಿಗೆಲ್ಲಾ ರೋಗಾಣುವಿನಲ್ಲಿ ಹೀಗಾಗುತ್ತಿದೆ ಎಂದು 1959ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮನುಷ್ಯನ ಕರುಳಿನಲ್ಲಿ ಕೋಟ್ಯಂತರ ನಿರುಪದ್ರವಿ ಬ್ಯಾಕ್ಟೀರಿಯಗಳಿವೆ. ಗಂಟಲು ನೋವಿಗೆಂದು ನುಂಗಿದ ಮಾತ್ರೆ ಅವುಗಳ ಮೇಲೂ ಕೆಲಸ ಮಾಡುತ್ತದೆ. ಅಲ್ಲಿ ಉಳಿದುಕೊಂಡ ಪ್ರತಿರೋಧದ ವಂಶವಾಹಿಗಳು ತಿಂಗಳುಗಳ ನಂತರ ಮೂತ್ರದ ಸೋಂಕಿನಲ್ಲಿ ಕಾಣಿಸಿಕೊಳ್ಳಬಹುದು.

ಇತಿಹಾಸ

ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಗುರುತಿಸಿದ. ಹೊವಾರ್ಡ್ ಫ್ಲೋರಿ ಮತ್ತು ಅರ್ನ್‌ಸ್ಟ್ ಚೈನ್ ಆಕ್ಸ್‌ಫರ್ಡಿನಲ್ಲಿ ಅದನ್ನು ಔಷಧವಾಗಿ ರೂಪಿಸಿದರು. ಪೆನಿಸಿಲಿನ್ ಒಡೆಯುವ ಕಿಣ್ವವೊಂದು ಬ್ಯಾಕ್ಟೀರಿಯಗಳಲ್ಲಿದೆ ಎಂದು ಚೈನ್ ಮತ್ತು ಎಡ್ವರ್ಡ್ ಅಬ್ರಹಾಂ 1940ರಲ್ಲೇ ವರದಿ ಮಾಡಿದ್ದರು. ಆಗಿನ್ನೂ ಔಷಧ ಜನರ ಕೈಗೆ ಬಂದಿರಲಿಲ್ಲ. ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ 1945ರಲ್ಲಿ ನೊಬೆಲ್ ಬಹುಮಾನ ಬಂತು. ಕಡಿಮೆ ಪ್ರಮಾಣದಲ್ಲಿ ಪೆನಿಸಿಲಿನ್ ಸೇವಿಸಿದರೆ ರೋಗಾಣುಗಳು ಸಾಯದೆ ಪ್ರತಿರೋಧ ಬೆಳೆಸಿಕೊಳ್ಳುತ್ತವೆ ಎಂದು ಫ್ಲೆಮಿಂಗ್ ತನ್ನ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ.

ಭಾರತಕ್ಕೂ ಈ ಇತಿಹಾಸದಲ್ಲಿ ಪಾಲಿದೆ. 1948ರಲ್ಲಿ ಬಂದ ಮೊದಲ ಟೆಟ್ರಾಸೈಕ್ಲಿನ್ ಔಷಧ ಆರಿಯೋಮೈಸಿನ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ದೇಶದೊಳಗೆ ಪೆನಿಸಿಲಿನ್ ತಯಾರಿಸಲು ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಆರಂಭವಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಸ್ಥಾಪನೆಯಾಯಿತು. ಅಗ್ಗದ ಪ್ರತಿಜೀವಕ ಬಡವರ ಮನೆಗೂ ತಲುಪಿ ಲಕ್ಷಾಂತರ ಜೀವ ಉಳಿಯಿತು. ಬಳಕೆಗೆ ಶಿಸ್ತು ಮಾತ್ರ ಅದೇ ವೇಗದಲ್ಲಿ ಬರಲಿಲ್ಲ.

ಹೊಸ ಔಷಧ ಬಂದ ಹಿಂದೆಯೇ ಅದಕ್ಕೆ ಮಣಿಯದ ರೋಗಾಣು ಬಂದದ್ದು ಮತ್ತೆ ಮತ್ತೆ ಕಂಡ ಸಂಗತಿ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ಗಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದಕ್ಕೂ ಬಗ್ಗದ ತಳಿಗಳು ವರದಿಯಾದವು. ಎಂಆರ್‌ಎಸ್‌ಎ ಎಂಬ ಹೆಸರಿನಲ್ಲಿ ಇಂದು ಎಲ್ಲ ಆಸ್ಪತ್ರೆಗಳಿಗೂ ಪರಿಚಿತವಾಗಿರುವುದು ಇದೇ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ಕೆಲವೇ ತಿಂಗಳಲ್ಲಿ ಅದು ವಿಫಲವಾಗುತ್ತದೆ ಎಂಬುದು 1948ರ ಬ್ರಿಟಿಷ್ ಪ್ರಯೋಗದಲ್ಲಿ ತಿಳಿಯಿತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಹುಟ್ಟಿದ್ದು ಆ ಅನುಭವದಿಂದ.

ವಿಷಮಶೀತ ಜ್ವರ: ಒಂದು ರೋಗದ ಚರಿತ್ರೆ

ಭಾರತದ ದಿನನಿತ್ಯದ ವೈದ್ಯಕೀಯದಲ್ಲಿ ಪ್ರತಿರೋಧ ನಡೆದುಬಂದ ದಾರಿಯನ್ನು ಟೈಫಾಯ್ಡ್ ಅಥವಾ ವಿಷಮಶೀತ ಜ್ವರದಷ್ಟು ಸ್ಪಷ್ಟವಾಗಿ ತೋರಿಸುವ ರೋಗ ಇನ್ನೊಂದಿಲ್ಲ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಳಕೆಗೆ ಬರುವ ಮೊದಲು ಈ ಜ್ವರ ಬಂದ ನೂರು ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಆ ಔಷಧ ಎರಡು ದಶಕಕ್ಕೂ ಹೆಚ್ಚು ಕಾಲ ಕೈಹಿಡಿಯಿತು. 1972ರಲ್ಲಿ ಮೆಕ್ಸಿಕೋದಲ್ಲೂ ಕೇರಳದ ಕೋಝಿಕ್ಕೋಡಿನಲ್ಲೂ ಅದಕ್ಕೆ ಮಣಿಯದ ಟೈಫಾಯ್ಡ್ ಹಬ್ಬಿತು. 1980ರ ದಶಕದ ಕೊನೆಗೆ ಕ್ಲೋರಾಂಫೆನಿಕಾಲ್, ಆ್ಯಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಬಗ್ಗದ ತಳಿಗಳು ವ್ಯಾಪಿಸಿದವು. ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಆಗ ಆಸರೆಯಾಯಿತು. ಹತ್ತಾರು ವರ್ಷಗಳಲ್ಲಿ ಅದೂ ಸೋತಿತು. ಈಗಿನ ಚಿಕಿತ್ಸೆ ಬಹುಮಟ್ಟಿಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಸೆಫಿಕ್ಸಿಮ್ ಮತ್ತು ಅಜಿತ್ರೋಮೈಸಿನ್ ಮಾತ್ರೆಗಳನ್ನು ನೆಚ್ಚಿದೆ. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ ಹುಟ್ಟಿ ಹರಡಿತು. ಅದಕ್ಕೆ ಬಾಯಿಂದ ಕೊಡಬಹುದಾದ ಔಷಧವಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ.

ಇದೇ ಚರಿತ್ರೆಯಲ್ಲಿ ಭರವಸೆಯ ಸಂಗತಿಯೂ ಇದೆ. ದಶಕಗಳ ಕಾಲ ಬಳಕೆಯಿಂದ ಹಿಂದೆ ಸರಿದಿದ್ದ ಕ್ಲೋರಾಂಫೆನಿಕಾಲ್ ಮತ್ತು ಕೋಟ್ರೈಮಾಕ್ಸಜೋಲ್‌ಗಳಿಗೆ ಭಾರತದ ಬಹುಪಾಲು ಟೈಫಾಯ್ಡ್ ತಳಿಗಳು ಈಗ ಮತ್ತೆ ಮಣಿಯುತ್ತಿವೆ. ಔಷಧದ ಒತ್ತಡ ತಗ್ಗಿದರೆ ಕೆಲವು ರೋಗಾಣುಗಳಲ್ಲಾದರೂ ಪ್ರತಿರೋಧ ತಗ್ಗಬಲ್ಲದು.

ಈ ರೋಗದ ಪತ್ತೆಯಲ್ಲಿ ನಡೆಯುವ ತಪ್ಪು ಅನಗತ್ಯ ಔಷಧಕ್ಕೆ ದೊಡ್ಡ ಕಾರಣ. ಒಂದೇ ಸಲ ಮಾಡಿದ ವಿಡಾಲ್ ಪರೀಕ್ಷೆ ಪಾಸಿಟಿವ್ ಬಂದರೆ 'ಟೈಫಾಯ್ಡ್ ಇದೆ' ಎಂದು ಬಿಡುವುದು ವಾಡಿಕೆ. ಆದರೆ ಹಿಂದೆಂದೋ ಆದ ಸೋಂಕು ಅಥವಾ ಬೇರೆ ಜ್ವರದಿಂದಲೂ ಆ ಪರೀಕ್ಷೆ ಪಾಸಿಟಿವ್ ಆಗಬಹುದು. ಖಚಿತವಾಗಿ ಹೇಳುವುದು ರಕ್ತದ ಕಲ್ಚರ್. ಅದನ್ನು ಜ್ವರದ ಮೊದಲ ವಾರದಲ್ಲಿ, ಪ್ರತಿಜೀವಕದ ಮೊದಲ ಗುಳಿಗೆ ಕೊಡುವ ಮುಂಚೆಯೇ ತೆಗೆಯಬೇಕು. ಇನ್ನೊಂದು ತಪ್ಪು ಅವಸರದ್ದು. ಸರಿಯಾದ ಔಷಧ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಬೇಕು. ಎರಡನೇ ದಿನವೇ 'ಜ್ವರ ಬಿಟ್ಟಿಲ್ಲ ಸಾರ್' ಎಂದು ಮನೆಯವರು ಒತ್ತಾಯಿಸಿದಾಗ ಕೆಲಸ ಮಾಡುತ್ತಿರುವ ಔಷಧವನ್ನೇ ಬದಲಿಸಿ ಇನ್ನೂ ಪ್ರಬಲವಾದುದನ್ನು ಏರಿಸುವುದು ಸಾಮಾನ್ಯವಾಗಿದೆ. ಎಷ್ಟು ದಿನಕ್ಕೆ ಜ್ವರ ಇಳಿಯುತ್ತದೆ ಎಂದು ಮೊದಲ ದಿನವೇ ವೈದ್ಯರು ತಿಳಿಹೇಳಿದರೆ ಈ ಬದಲಾವಣೆಯ ಪ್ರಮೇಯವೇ ಬರುವುದಿಲ್ಲ.

ಮೂತ್ರದ ಸೋಂಕು

ಮಹಿಳೆಯರು ವೈದ್ಯರಲ್ಲಿಗೆ ಬರುವ ಸಾಮಾನ್ಯ ಕಾರಣಗಳಲ್ಲಿ ಉರಿಮೂತ್ರ ಒಂದು. ಇದನ್ನು ತರುವುದು ಹೆಚ್ಚಾಗಿ ಕರುಳಿನ ಇ. ಕೋಲೈ. ಸೆಫಲೊಸ್ಪೊರಿನ್ ಔಷಧಗಳನ್ನು ಒಡೆಯಬಲ್ಲ ವಿಸ್ತೃತ ವ್ಯಾಪ್ತಿಯ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳು ಈ ಬ್ಯಾಕ್ಟೀರಿಯದಲ್ಲಿ ವ್ಯಾಪಕವಾಗಿವೆ. ಲ್ಯಾಬ್ ವರದಿಯಲ್ಲಿ 'ಇಎಸ್‌ಬಿಎಲ್' ಎಂದು ನಮೂದಾಗುವುದು ಇವೇ. ಇವುಗಳಲ್ಲಿ ಇಂದು ಜಗತ್ತಿನಲ್ಲೇ ಹೆಚ್ಚು ಹರಡಿರುವ ಸಿಟಿಎಕ್ಸ್-ಎಂ-15 ಎಂಬ ಬಗೆ ಮೊದಲು ವರದಿಯಾದದ್ದು 2001ರಲ್ಲಿ, ದೆಹಲಿಯ ಮಾದರಿಗಳಿಂದ.

ವರದಿಯಲ್ಲಿ ಸಾಲುಸಾಲು ಔಷಧಗಳ ಮುಂದೆ 'ನಾಟದು' ಎಂಬರ್ಥದ 'ಆರ್' ಅಕ್ಷರ ಕಂಡರೆ ರೋಗಿ ಹೆದರುವುದು ಸಹಜ. ಆದರೆ ಮೂತ್ರಕೋಶಕ್ಕಷ್ಟೇ ಸೀಮಿತವಾದ ಸೋಂಕಿಗೆ 1950ರ ದಶಕದ ನೈಟ್ರೊಫ್ಯುರಾಂಟೊಯಿನ್ ಇಂದಿಗೂ ಬಹುಪಾಲು ಇ. ಕೋಲೈ ಮೇಲೆ ಕೆಲಸ ಮಾಡುತ್ತದೆ. ಐದು ದಿನದ ಮಾತ್ರೆ ಸಾಕಾಗುತ್ತದೆ. ನೀರಿನಲ್ಲಿ ಕರಗಿಸಿ ಒಂದೇ ಸಲ ಕುಡಿಯುವ ಫಾಸ್ಫೊಮೈಸಿನ್ ಪುಡಿಯೂ ಹಾಗೆಯೇ. ಇವು ಮೂತ್ರದಲ್ಲಿ ಸಾಂದ್ರವಾಗುತ್ತವೆಯೇ ಹೊರತು ಮೂತ್ರಪಿಂಡದ ಒಳಭಾಗದಲ್ಲಿ ಸಾಕಷ್ಟು ಮಟ್ಟ ತಲುಪುವುದಿಲ್ಲ. ಆದ್ದರಿಂದ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಇದ್ದರೆ ಬೇರೆ ಔಷಧ ಬೇಕು, ಕಲ್ಚರ್ ಕಡ್ಡಾಯವಾಗಿ ಬೇಕು.

ಮೂತ್ರದಲ್ಲಿ ಬ್ಯಾಕ್ಟೀರಿಯ ಕಂಡಮಾತ್ರಕ್ಕೆ ಚಿಕಿತ್ಸೆ ಬೇಕೆಂದೇನೂ ಇಲ್ಲ. ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ, ಕ್ಯಾತಿಟರ್ ಹಾಕಿಸಿಕೊಂಡವರಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯ ಇರುತ್ತದೆ. ಗರ್ಭಿಣಿಯರಿಗೆ ಮತ್ತು ಮೂತ್ರಾಂಗದ ಕೆಲವು ಶಸ್ತ್ರಕ್ರಿಯೆಗೆ ಮುನ್ನ ಹೊರತುಪಡಿಸಿ, ಲಕ್ಷಣವಿಲ್ಲದವರಿಗೆ ಔಷಧ ಕೊಡುವುದರಿಂದ ಪ್ರಯೋಜನವಿಲ್ಲ, ಹಾನಿಯಿದೆ.

ಕ್ಷಯ, ಚರ್ಮ ಮತ್ತು ಗಂಟಲಿನ ಸೋಂಕುಗಳು

ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹು ಔಷಧ ನಿರೋಧಕ ಕ್ಷಯ ಎನ್ನುತ್ತಾರೆ. ಜಗತ್ತಿನ ಇಂಥ ಪ್ರಕರಣಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಭಾರತದಲ್ಲಿವೆ. ಮೊದಲು ಇದರ ಚಿಕಿತ್ಸೆ ಎರಡು ವರ್ಷದವರೆಗೂ ಹಿಡಿಯುತ್ತಿತ್ತು, ಇಂಜೆಕ್ಷನ್ನುಗಳಿಂದ ಕಿವಿ ಮಂದವಾಗುವ ಅಪಾಯವೂ ಇತ್ತು. ಆರು ತಿಂಗಳಲ್ಲಿ ಮುಗಿಯುವ, ಬಾಯಿಂದಲೇ ತೆಗೆದುಕೊಳ್ಳುವ ನಾಲ್ಕು ಔಷಧಗಳ ಹೊಸ ಕ್ರಮಕ್ಕೆ ಭಾರತ ಸರ್ಕಾರ 2024ರಲ್ಲಿ ಒಪ್ಪಿಗೆ ನೀಡಿತು. ಕಫದಲ್ಲಿ ಕ್ಷಯದ ರೋಗಾಣುವನ್ನೂ ರಿಫಾಂಪಿಸಿನ್ ಪ್ರತಿರೋಧವನ್ನೂ ಕೆಲವೇ ಗಂಟೆಗಳಲ್ಲಿ ಗುರುತಿಸುವ ಟ್ರೂನ್ಯಾಟ್ ಯಂತ್ರದ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನ ಸಂಶೋಧನೆಯಿದೆ. ಬ್ಯಾಟರಿಯಲ್ಲೂ ನಡೆಯುವ ಈ ಯಂತ್ರವನ್ನು ಸಣ್ಣ ಆರೋಗ್ಯ ಕೇಂದ್ರಗಳಲ್ಲೂ ಇಡಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸದೆ ಲಿವೊಫ್ಲಾಕ್ಸಸಿನ್ ಬರೆಯುವುದು ಅಪಾಯಕಾರಿ. ಅದು ಕ್ಷಯವನ್ನು ಅರೆಬರೆ ಅಡಗಿಸಿ ಪತ್ತೆಯನ್ನು ತಡಮಾಡುತ್ತದೆ, ಮುಂದೆ ಬೇಕಾಗುವ ಒಂದು ಮುಖ್ಯ ಔಷಧವನ್ನೂ ಕೆಡಿಸುತ್ತದೆ.

ಕುರು ಅಥವಾ ಕೀವುಗಟ್ಟಿದ ಬಾವಿಗೆ ಮೊದಲ ಚಿಕಿತ್ಸೆ ಕೀವನ್ನು ಹೊರಹಾಕುವುದು. ಎಂಆರ್‌ಎಸ್‌ಎ ಇರುವಲ್ಲೂ ಈ ಮಾತು ನಿಲ್ಲುತ್ತದೆ. ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಅವಕ್ಕೆ ಪ್ರತಿಜೀವಕ ಬೇಕಿಲ್ಲ. ಮಕ್ಕಳ ಹೃದಯದ ಕವಾಟಗಳಿಗೆ ಕುತ್ತು ತರುವ ರುಮ್ಯಾಟಿಕ್ ಜ್ವರಕ್ಕೆ ಕಾರಣವಾಗುವ ಗಂಟಲಿನ ಸ್ಟ್ರೆಪ್ಟೊಕಾಕಸ್ ಇಷ್ಟು ದಶಕಗಳ ನಂತರವೂ ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ. ಅಲ್ಲಿ ಬೇಕಾದದ್ದು ಆ ಹಳೆಯ, ಅಗ್ಗದ ಔಷಧವೇ.

ಮಳೆಗಾಲದ ಜ್ವರಗಳು

ಪ್ರತಿರೋಧವೆಲ್ಲ ಔಷಧದ ಬಳಕೆಯಿಂದಲೇ ಬಂದದ್ದಲ್ಲ. ಕೆಲವು ರೋಗಾಣುಗಳು ಹುಟ್ಟಿನಿಂದಲೇ ಹಲವು ಔಷಧಗಳಿಗೆ ಬಗ್ಗುವುದಿಲ್ಲ. ಕರಾವಳಿ ಕರ್ನಾಟಕದಲ್ಲಿ ಮಳೆಗಾಲದಲ್ಲಿ ಕಾಣುವ ಮೆಲಿಯಾಯ್ಡೋಸಿಸ್ ಇದಕ್ಕೆ ಉದಾಹರಣೆ. ಕೆಸರು ಮಣ್ಣಿನಲ್ಲಿರುವ ಬ್ಯಾಕ್ಟೀರಿಯದಿಂದ ಬರುವ ಈ ರೋಗ ಮಧುಮೇಹವಿರುವ ಕೃಷಿಕರನ್ನು ಹೆಚ್ಚು ಕಾಡುತ್ತದೆ. ಜೆಂಟಾಮೈಸಿನ್‌ನಂಥ ಸಾಮಾನ್ಯ ಔಷಧಗಳು ಇಲ್ಲಿ ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಬೇಕು.

ಸ್ಕ್ರಬ್ ಟೈಫಸ್ ಇದಕ್ಕೆ ತೀರಾ ವಿರುದ್ಧವಾದ ಪಾಠ ಹೇಳುತ್ತದೆ. ಪೊದೆಗಳ ನಡುವಿನ ನುಸಿಮರಿ ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯ ಗಾಯವೊಂದು ಮೂಡುತ್ತದೆ. ಅದಿರುವುದು ಹೆಚ್ಚಾಗಿ ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ಪಟ್ಟಿಯ ಬಳಿ. ರೋಗಿಗೇ ಅದು ಗೊತ್ತಿರುವುದಿಲ್ಲ. ಪರದೆ ಎಳೆದು, ಬಟ್ಟೆ ಸರಿಸಿ, ದೇಹವನ್ನು ಪೂರ್ತಿ ನೋಡುವ ವೈದ್ಯರಿಗೆ ಅದು ಕಾಣುತ್ತದೆ. ಕಂಡರೆ ಅಗ್ಗದ ಡಾಕ್ಸಿಸೈಕ್ಲಿನ್ ಸಾಕು, ಹೆಚ್ಚಿನವರಿಗೆ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ಕಾಣದಿದ್ದರೆ ಸೆಫ್ಟ್ರಿಯಾಕ್ಸೋನ್, ಆಮೇಲೆ ಮೆರೊಪೆನೆಮ್ ಎಂದು ಏರಿಸುತ್ತ ಹೋದರೂ ಜ್ವರ ಬಿಡುವುದಿಲ್ಲ, ಏಕೆಂದರೆ ಆ ಗುಂಪಿನ ಔಷಧಗಳು ಈ ರೋಗಾಣುವಿಗೆ ತಾಗುವುದೇ ಇಲ್ಲ. ರೋಗಿಯನ್ನು ಐದು ನಿಮಿಷ ಸರಿಯಾಗಿ ಪರೀಕ್ಷಿಸಿದರೆ ಎಷ್ಟು ಪ್ರತಿಜೀವಕ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳು

ವೆಂಟಿಲೇಟರ್, ಕ್ಯಾತಿಟರ್, ರಕ್ತನಾಳದ ನಳಿಕೆಗಳ ಮೂಲಕ ತಗಲುವ ಸೋಂಕುಗಳೇ ಅತ್ಯಂತ ಕಠಿಣವಾದವು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಇವುಗಳಲ್ಲಿ ಮುಖ್ಯ. ಅಸಿನೆಟೊಬ್ಯಾಕ್ಟರ್ ಒಣಗಿದ ಮಂಚದ ಸರಳು, ಮಾನಿಟರ್ ಗುಂಡಿಗಳ ಮೇಲೂ ವಾರಗಟ್ಟಲೆ ಬದುಕಬಲ್ಲದು. ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಔಷಧಗಳು ಒಂದು ಕಾಲಕ್ಕೆ ಕೊನೆಯ ಆಸರೆಯೆನಿಸಿದ್ದವು. ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ರೋಗಿಯೊಬ್ಬರಿಗೆ 2008ರಲ್ಲಿ ಸ್ವೀಡನ್ನಿನಲ್ಲಿ ಪರೀಕ್ಷೆ ಮಾಡಿದಾಗ ಕಾರ್ಬಪೆನೆಮ್‌ಗಳನ್ನೂ ಒಡೆಯುವ ಎನ್‌ಡಿಎಂ-1 ಕಿಣ್ವ ಪತ್ತೆಯಾಯಿತು. ದೆಹಲಿಯ ನಲ್ಲಿ ನೀರಿನ ಕೆಲವು ಮಾದರಿಗಳಲ್ಲೂ ರಸ್ತೆಬದಿ ನಿಂತ ನೀರಿನಲ್ಲೂ ಅದರ ವಂಶವಾಹಿ ಇರುವುದು 2011ರಲ್ಲಿ ಪ್ರಕಟವಾಯಿತು. ಕಿಣ್ವದ ಹೆಸರಿನಲ್ಲಿ 'ನ್ಯೂ ಡೆಲ್ಲಿ' ಎಂದು ನಗರದ ಹೆಸರನ್ನು ಸೇರಿಸಿದ್ದು ವಿವಾದವಾಯಿತು. ಆ ವಿವಾದದ ನಡುವೆಯೂ ದೇಶದ ವೈದ್ಯರು ಸುಮ್ಮನಿರಲಿಲ್ಲ. ಹಲವು ವೈದ್ಯ ಸಂಘಗಳು ಸೇರಿ ಪ್ರತಿರೋಧವನ್ನು ತಡೆಯುವ ಕ್ರಮಗಳ ಚೆನ್ನೈ ಘೋಷಣೆಯನ್ನು 2012ರಲ್ಲಿ ರೂಪಿಸಿದವು.

ಕಾರ್ಬಪೆನೆಮ್ ಸೋತಾಗ ಮೂತ್ರಪಿಂಡಕ್ಕೆ ಹಾನಿ ಮಾಡುವ ಕೊಲಿಸ್ಟಿನ್‌ನಂಥ ಹಳೆಯ ಔಷಧಕ್ಕೆ ಕೈಚಾಚಬೇಕಾಗುತ್ತದೆ. ಈ ಸ್ಥಿತಿಯ ನೋವು ಹೆಚ್ಚು ತಟ್ಟುವುದು ನವಜಾತ ಶಿಶುಗಳ ಘಟಕದಲ್ಲಿ. ಹುಟ್ಟಿದ ಎರಡು ಮೂರು ದಿನಕ್ಕೇ ನಂಜೇರಿದ ಕೂಸಿಗೆ ಮೊದಲ ಔಷಧವೇ ಕೆಲಸ ಮಾಡಬೇಕು. ಎರಡನೆಯದನ್ನು ಹುಡುಕುವಷ್ಟು ಸಮಯ ಅಲ್ಲಿರುವುದಿಲ್ಲ. ಇಂಥ ಸೋಂಕು ತಡೆಯುವ ಉಪಾಯಗಳು ಮಾತ್ರ ಸರಳವಾಗಿವೆ: ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುನ್ನ ಕೈ ಶುದ್ಧಿ, ಬೇಡವಾದ ನಳಿಕೆಗಳನ್ನು ಅಂದಂದೇ ತೆಗೆಯುವುದು, ಮಂಚ-ಉಪಕರಣಗಳ ಶುಚಿ, ಸಾಕಷ್ಟು ಶುಶ್ರೂಷಕಿಯರು.

ಕಲ್ಚರ್ ಪರೀಕ್ಷೆ

ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ತಿಳಿಸುವುದು ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ. ಮೂತ್ರವಾದರೆ ಮೊದಲ ಭಾಗವನ್ನು ಬಿಟ್ಟು ನಡುವಿನ ಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು. ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಇಲ್ಲವಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಗಳೇ ಬೆಳೆದು ತಪ್ಪು ವರದಿ ಬರುತ್ತದೆ. ಮೊದಲ ದಿನ ಮಾದರಿಯನ್ನು ಅಗರ್ ತಟ್ಟೆಯ ಮೇಲೆ ಗೆರೆಯೆಳೆದು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಮರುದಿನ ಚುಕ್ಕೆಗಳಂತೆ ಬೆಳೆದ ಗುಂಪುಗಳನ್ನು ಗುರುತಿಸಿ, ಅದೇ ಬ್ಯಾಕ್ಟೀರಿಯವನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಬೇರೆ ಬೇರೆ ಔಷಧ ಅದ್ದಿದ ಕಾಗದದ ಸಣ್ಣ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮತ್ತೊಂದು ದಿನ ಕಳೆದಾಗ, ನಾಟುವ ಔಷಧದ ಬಿಲ್ಲೆಯ ಸುತ್ತ ಬೆಳವಣಿಗೆಯಿಲ್ಲದ ತಿಳಿ ವೃತ್ತ ಕಾಣುತ್ತದೆ. ನಾಟದ ಔಷಧದ ಬಿಲ್ಲೆಯವರೆಗೂ ಬ್ಯಾಕ್ಟೀರಿಯ ಒತ್ತಾಗಿ ಬೆಳೆದಿರುತ್ತದೆ. ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ನಿಗದಿತ ಕೋಷ್ಟಕದೊಂದಿಗೆ ಹೋಲಿಸಿ ವರದಿ ಬರೆಯುತ್ತಾರೆ.

ಹೀಗೆ ಎರಡರಿಂದ ಮೂರು ದಿನ ಬೇಕು. ಗಂಭೀರ ರೋಗಿಗೆ ಅಷ್ಟು ಕಾಯಲಾಗದು. ಮಾದರಿ ತೆಗೆದ ಕೂಡಲೇ ಔಷಧ ಆರಂಭಿಸಿ, ವರದಿ ಬಂದ ಮೇಲೆ ಅಗತ್ಯಕ್ಕೆ ತಕ್ಕಂತೆ ಇಳಿಸಬೇಕು. ಈ ಇಳಿಸುವ ಹೆಜ್ಜೆಯನ್ನೇ ಅನೇಕ ಕಡೆ ಮರೆಯಲಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಕಲ್ಚರ್ ಸೌಲಭ್ಯ ವಿರಳ, ಖಾಸಗಿಯಲ್ಲಿ ಅದರ ಖರ್ಚು ದಿನಗೂಲಿಯವರಿಗೆ ಭಾರ. ವೈದ್ಯರು ಅಂದಾಜಿನ ಮೇಲೆ ವಿಶಾಲ ವ್ಯಾಪ್ತಿಯ ಔಷಧ ಬರೆಯಲು ಇದೂ ಒಂದು ಕಾರಣ.

ಅತಿಬಳಕೆಯ ಕಾರಣಗಳು

'ಅಣ್ಣಾ, ಹೋದ ಸಲ ಕೊಟ್ಟಿದ್ದ ಮಾತ್ರೆಯನ್ನೇ ಎರಡು ಕೊಡಿ' ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವವರು ನಿರ್ಲಕ್ಷ್ಯದಿಂದ ಹಾಗೆ ಮಾಡುತ್ತಾರೆ ಎನ್ನಲಾಗದು. ವೈದ್ಯರ ಶುಲ್ಕ, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎಲ್ಲವನ್ನೂ ಉಳಿಸುವ ದಾರಿ ಅದು. ಅಂಗಡಿಯವರಿಗೆ ಗಿರಾಕಿ ಕಳೆದುಕೊಳ್ಳುವ ಭಯ, ವೈದ್ಯರಿಗೆ 'ಈ ಡಾಕ್ಟರ ಕೈಗುಣ ಇಲ್ಲ' ಎನಿಸಿಕೊಳ್ಳುವ ಭಯ. ನೆಗಡಿ, ಫ್ಲೂ, ಡೆಂಗಿ ವೈರಸ್ಸಿನ ರೋಗಗಳು. ಪ್ರತಿಜೀವಕ ಅವುಗಳನ್ನು ಮುಟ್ಟುವುದಿಲ್ಲ. ಸಾಮಾನ್ಯ ಕೆಮ್ಮು ಔಷಧವಿಲ್ಲದೆಯೂ ಎರಡು ಮೂರು ವಾರ ಇದ್ದು ಹೋಗುತ್ತದೆ. ನೀರುಭೇದಿಗೆ ಬೇಕಾದದ್ದು ಓಆರ್‌ಎಸ್, ಮಕ್ಕಳಾದರೆ ಜೊತೆಗೆ ಜಿಂಕ್. ಶಸ್ತ್ರಕ್ರಿಯೆಗಳಲ್ಲಿ ಕೊಯ್ಯುವ ಮುನ್ನ ಒಂದು ಗಂಟೆಯೊಳಗೆ ಕೊಡುವ ಒಂದೇ ಡೋಸ್ ಹೆಚ್ಚಿನ ಸಂದರ್ಭಗಳಲ್ಲಿ ಸಾಕು. ಆದರೂ ಹೊಲಿಗೆ ಬಿಚ್ಚುವವರೆಗೆ ಮಾತ್ರೆ ಮುಂದುವರಿಸುವ ರೂಢಿ ಹೋಗಿಲ್ಲ.

ಪಶುಪಾಲನೆಯಲ್ಲೂ ಇದೇ ಸಮಸ್ಯೆಯಿದೆ. ಹಸುಗಳ ಕೆಚ್ಚಲು ಬಾವಿಗೆ ಮೊಲೆತೊಟ್ಟಿನೊಳಗೆ ಏರಿಸುವ ಔಷಧ ಕೆಲವು ದಿನ ಹಾಲಿನಲ್ಲಿ ಉಳಿಯುತ್ತದೆ. ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ಆದರೆ ನಷ್ಟ ಪೂರ್ತಿ ರೈತನ ಮೇಲೆಯೇ ಬೀಳುವಾಗ ನಿಯಮ ಪಾಲನೆ ಕಷ್ಟ. ಕರೆಯುವ ಮುನ್ನ ಕೆಚ್ಚಲು ಶುಚಿ ಮಾಡುವುದು, ಒಣ ಕೊಟ್ಟಿಗೆ ಇವು ಬಾವು ಬಾರದಂತೆ ತಡೆಯುವ ಉತ್ತಮ ಉಪಾಯಗಳು. ಕೋಳಿಗಳು ಬೇಗ ಕೊಬ್ಬಲೆಂದು ಕೊಲಿಸ್ಟಿನ್ ಬಳಸುವ ಪದ್ಧತಿಗೆ ಭಾರತ 2019ರಲ್ಲಿ ನಿಷೇಧ ಹೇರಿತು. ಔಷಧ ಕಾರ್ಖಾನೆಗಳ ತ್ಯಾಜ್ಯ ಇನ್ನೊಂದು ಮೂಲ. ತೆಲಂಗಾಣದ ಪಟಾನ್‌ಚೆರು ಬಳಿಯ ತ್ಯಾಜ್ಯ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವರದಿ ಮಾಡಿದರು.

ಬಳಕೆಯ ಶಿಸ್ತು ಮತ್ತು ಕಾನೂನು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪಾಗಿ ವಿಂಗಡಿಸಿತು. ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದ ಅಮಾಕ್ಸಿಸಿಲಿನ್, ನೈಟ್ರೊಫ್ಯುರಾಂಟೊಯಿನ್, ಡಾಕ್ಸಿಸೈಕ್ಲಿನ್‌ನಂಥವು ಒಂದು ಗುಂಪು. ಎಚ್ಚರದಿಂದ ಬಳಸಬೇಕಾದ ಸೆಫಿಕ್ಸಿಮ್, ಅಜಿತ್ರೋಮೈಸಿನ್, ಮೆರೊಪೆನೆಮ್‌ನಂಥವು ಎರಡನೆಯದು. ಬೇರೆ ದಾರಿಯಿಲ್ಲದಾಗ ಮಾತ್ರ ತೆಗೆಯಬೇಕಾದ ಕೊಲಿಸ್ಟಿನ್‌ನಂಥವು ಮೂರನೆಯದು. ಮನುಷ್ಯರಿಗೆ ಬಳಸುವ ಪ್ರತಿಜೀವಕಗಳಲ್ಲಿ ನೂರಕ್ಕೆ 70 ಭಾಗ ಮೊದಲ ಗುಂಪಿನವೇ ಇರಬೇಕೆಂಬುದು 2030ಕ್ಕೆ ವಿಶ್ವಸಂಸ್ಥೆ ಹಾಕಿಕೊಂಡ ಗುರಿ. ಭಾರತದ ಖಾಸಗಿ ವಲಯದಲ್ಲಿ 2019ರಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಎರಡನೇ ಗುಂಪಿನ ಅಜಿತ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ.

ಔಷಧ ಎಷ್ಟು ದಿನ ಎಂಬ ಬಗ್ಗೆಯೂ ತಿಳಿವಳಿಕೆ ಬದಲಾಗಿದೆ. ಸಾಧಾರಣ ನ್ಯುಮೋನಿಯದಲ್ಲಿ ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಐದು ದಿನ ಸಾಕೆಂದು ಪ್ರಯೋಗಗಳು ತೋರಿಸಿವೆ. ಕ್ಷಯದಲ್ಲಿ ಮಾತ್ರ ಒಂದು ದಿನವೂ ತಪ್ಪದೆ ತಿಂಗಳುಗಳ ಚಿಕಿತ್ಸೆ ಪೂರೈಸಬೇಕು. ಆದ್ದರಿಂದ ವೈದ್ಯರು ಹೇಳಿದ ಅವಧಿಯನ್ನು ರೋಗಿ ತಾನೇ ಮೊಟಕು ಮಾಡಬಾರದು. ವೈದ್ಯರೂ ಅಭ್ಯಾಸಬಲದಿಂದ ಅದನ್ನು ಉದ್ದ ಮಾಡಬಾರದು.

2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿ ಮೂರನೇ ತಲೆಮಾರಿನ ಸೆಫಲೊಸ್ಪೊರಿನ್, ಕಾರ್ಬಪೆನೆಮ್, ಕ್ಷಯದ ಔಷಧಗಳು ಸೇರಿ 46 ಔಷಧಗಳ ಮಾರಾಟವನ್ನು ಬಿಗಿಗೊಳಿಸಿತು. ಚೀಟಿಯಿಲ್ಲದೆ ಮಾರುವಂತಿಲ್ಲ, ಬರೆದ ವೈದ್ಯರು, ರೋಗಿ, ಔಷಧದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು. ಚೀಟಿಯಿಲ್ಲದೆ ಕೊಳ್ಳಬಾರದ ಪ್ರತಿಜೀವಕದ ಮಾತ್ರೆಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ 2016ರಲ್ಲಿ ಅಭಿಯಾನ ನಡೆಯಿತು. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. ಕೇರಳ 2018ರಲ್ಲಿ ತನ್ನದೇ ರಾಜ್ಯ ಯೋಜನೆ ರೂಪಿಸಿ, 2024ರಲ್ಲಿ ಚೀಟಿಯಿಲ್ಲದ ಮಾರಾಟದ ವಿರುದ್ಧ ಔಷಧ ಅಂಗಡಿಗಳ ತಪಾಸಣೆಯನ್ನೂ ಕೈಗೊಂಡಿತು.

ಹೊಸ ಔಷಧ, ಲಸಿಕೆ ಮತ್ತು ಮುಂದಿನ ದಾರಿ

ಹೊಸ ಪ್ರತಿಜೀವಕ ಬಂದರೆ ಅದನ್ನು ಮಿತವಾಗಿ ಬಳಸಬೇಕು, ಮಿತವಾಗಿ ಬಳಸಿದರೆ ತಯಾರಕರಿಗೆ ಹಣ ಹುಟ್ಟುವುದಿಲ್ಲ. ಪ್ಲಾಜೊಮೈಸಿನ್ ಎಂಬ ಔಷಧಕ್ಕೆ 2018ರಲ್ಲಿ ಅನುಮತಿ ಪಡೆದ ಅಮೆರಿಕದ ಅಕಾಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಈ ಕಷ್ಟದ ನಡುವೆಯೂ ಕೆಲಸ ನಡೆದಿದೆ. ಚೆನ್ನೈನ ಆರ್ಕಿಡ್ ಸಂಸ್ಥೆಯಲ್ಲಿ ಕಂಡುಹಿಡಿದ ಎನ್ಮೆಟಜೊಬ್ಯಾಕ್ಟಮ್ ಸೇರಿದ ಸಂಯುಕ್ತ ಔಷಧಕ್ಕೆ 2024ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಬೆಂಗಳೂರಿನ ಬಗ್‌ವರ್ಕ್ಸ್ ರಿಸರ್ಚ್ ಹೊಸ ಬಗೆಯ ಪ್ರತಿಜೀವಕಗಳ ಸಂಶೋಧನೆಯಲ್ಲಿದೆ, ಅಲ್ಲಿನ ಸಿ-ಕ್ಯಾಂಪ್ ಕೇಂದ್ರ ಈ ಕ್ಷೇತ್ರದ ನವೋದ್ಯಮಗಳಿಗೆ ನೆರವಾಗುತ್ತಿದೆ.

ಸೋಂಕೇ ಬಾರದಿದ್ದರೆ ಪ್ರತಿಜೀವಕದ ಪ್ರಶ್ನೆಯೇ ಇಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್ ರೂಪಿಸಿದ ಟೈಫಾಯ್ಡ್ ಸಂಯುಗ್ಮ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿಗೂ ಕೊಡಬಹುದು. ನ್ಯುಮೊಕಾಕಸ್ ಮತ್ತು ರೋಟಾವೈರಸ್ ಲಸಿಕೆಗಳು ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತವೆ. ಶುದ್ಧ ನೀರು, ಶೌಚಾಲಯ, ಒಳಚರಂಡಿಗೆ ಮಾಡುವ ಖರ್ಚು ಪ್ರತಿರೋಧದ ವಿರುದ್ಧ ಮಾಡುವ ಖರ್ಚೂ ಹೌದು.

ಪ್ರತಿಜೀವಕ ಸಿಗದೆ ಸಾಯುವವರೂ ಇದ್ದಾರೆ ಎಂಬುದನ್ನು ಈ ಚರ್ಚೆಯಲ್ಲಿ ಮರೆಯಬಾರದು. ನ್ಯುಮೋನಿಯ ಬಂದ ಮಗುವಿಗೆ ಅಮಾಕ್ಸಿಸಿಲಿನ್ ಅದೇ ದಿನ ಸಿಗಬೇಕು, ನಂಜೇರಿದ ಬಾಣಂತಿಗೆ ಮೊದಲ ಇಂಜೆಕ್ಷನ್ ಒಂದು ಗಂಟೆಯೊಳಗೆ ಬೀಳಬೇಕು. ಬೇಕಾದವರಿಗೆ ತಡವಿಲ್ಲದೆ ಕೊಡುವುದು, ಬೇಡದವರಿಗೆ ಬೇಡವೆನ್ನುವುದು ಎರಡೂ ಒಂದೇ ಕರ್ತವ್ಯ. ಅದನ್ನು ವೈದ್ಯರೊಬ್ಬರ ವಿವೇಚನೆಗೇ ಬಿಟ್ಟರೆ ನಡೆಯದು. ಪ್ರತಿ ತಾಲ್ಲೂಕು ಆಸ್ಪತ್ರೆಯ ಕೈಗೆಟಕುವಂತೆ ಕಲ್ಚರ್ ಲ್ಯಾಬ್ ಇರಬೇಕು. ಆ ಭಾಗದಲ್ಲಿ ಯಾವ ರೋಗಾಣುವಿಗೆ ಯಾವ ಔಷಧ ನಾಟುತ್ತಿದೆ ಎಂಬ ವರ್ಷದ ಪಟ್ಟಿ ಸುತ್ತಲಿನ ಸಣ್ಣ ಕ್ಲಿನಿಕ್ಕುಗಳಿಗೂ ತಲುಪಬೇಕು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಔಷಧಗಳು ಯಾವ ಆರೋಗ್ಯ ಕೇಂದ್ರದಲ್ಲೂ ಮುಗಿದುಹೋಗಬಾರದು. ಇವು ಮೂರೂ ನಮ್ಮ ಶಕ್ತಿಗೆ ಮೀರಿದವಲ್ಲ, ಹೊಸ ಸಂಶೋಧನೆಗಾಗಿ ಕಾಯಬೇಕಾದವೂ ಅಲ್ಲ.